ಹೊರಗಿನವಳ ರಕ್ತ

ಸೊಸೆಯ ಮೈಮೇಲೆ ನೀಲಿ ಕಲೆಗಳು ಎದ್ದಾಗ ಇಡೀ ಓಣಿ ತಿರುಗಿ ನೋಡಿದ್ದು ಗುಡುಗಮ್ಮನ ಕೈಗಳನ್ನು.

ನೋಡಿದವರದೇನೂ ತಪ್ಪಿಲ್ಲ. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ಬಾಯಿ ತೆಗೆದರೆ ಓಣಿಯ ಕೊನೆಯ ಮನೆಯಲ್ಲಿ ಮಲಗಿದವರೂ ಎದ್ದು ಮುಖ ತೊಳೆಯುತ್ತಿದ್ದರು. ಗಂಡ ಬದುಕಿದ್ದಷ್ಟು ದಿನ ಅವನೊಂದಿಗೆ ಜಗಳವಾಡಿದಳು. ಅವನು ಸತ್ತ ಮೇಲೆ ಗೋಡೆಗೆ ನೇತುಹಾಕಿದ ಅವನ ಪಟದೊಂದಿಗೆ ಜಗಳವಾಡಿದಳು. ಸೊಸೆ ಬಂದ ಮೇಲೆ ಪಟಕ್ಕೆ ಸ್ವಲ್ಪ ಬಿಡುವು ಸಿಕ್ಕಿತು.

ಸೊಸೆ ಬಂದ ಬಗೆಯೇ ಜಗಳಕ್ಕೆ ಸಾಕಾಗುವಂತಿತ್ತು. ಮಗ ಬೂಟಿನ ಕಾರ್ಖಾನೆಯ ಸರಕಿನ ವ್ಯಾನು ಓಡಿಸುವವನು. ಮನೆಯ ಪಾಲಿನ ಮಾತನ್ನೆಲ್ಲ ತಾಯಿಯೇ ಆಡಿ ಮುಗಿಸುತ್ತಿದ್ದರಿಂದ ಅವನ ಪಾಲಿಗೆ ಹೆಚ್ಚೇನೂ ಉಳಿದಿರಲಿಲ್ಲ. ದೂರದ ಊರಿಗೆ ಬೂಟಿನ ಪೆಟ್ಟಿಗೆ ಇಳಿಸಲು ಹೋದವನು, ಪೆಟ್ಟಿಗೆ ಇಳಿಸಿ ಹೆಂಡತಿಯನ್ನು ಹತ್ತಿಸಿಕೊಂಡು ಬಂದ. ಓಣಿಯಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಚರ್ಮ ಮುಟ್ಟುವ ಜನವೆಂದು ಹೊರಗಿನವರು ಆ ಓಣಿಗೆ ಹೆಣ್ಣು ಕೊಡುತ್ತಿರಲಿಲ್ಲ, ಅಲ್ಲಿಂದ ತರುತ್ತಲೂ ಇರಲಿಲ್ಲ. ಕೊಡುವುದು ತರುವುದು ಎಲ್ಲ ಎದುರುಬದುರು ಮನೆಗಳಲ್ಲೇ. ಗುಡುಗಮ್ಮನೂ ಪಕ್ಕದ ಮನೆಯ ಹುಡುಗಿಯನ್ನು ಮನಸ್ಸಿನಲ್ಲೇ ಮನೆ ತುಂಬಿಸಿಕೊಂಡಾಗಿತ್ತು. ಬಂದು ನಿಂತದ್ದು ಮಾತ್ರ ಈ ಉದ್ದ ಕಾಲಿನವಳು. ಹೆತ್ತವರಿಲ್ಲ. ಸಾಕಿದ ಚಿಕ್ಕಮ್ಮನಿಗೆ ಒಂದು ತಟ್ಟೆ ಕಡಿಮೆಯಾದರೆ ಸಾಕಿತ್ತು.

ಅಂದಿನಿಂದ ಮನೆಯಲ್ಲಿ ಏನು ಎಡವಟ್ಟಾದರೂ ಗುಡುಗಮ್ಮನದು ಒಂದೇ ಮಾತು: ನಮ್ಮ ರಕ್ತ ಅಲ್ಲ, ಹೇಗೆ ತಿಳಿಯಬೇಕು. ಉಪ್ಪು ಜಾಸ್ತಿಯಾದರೂ ಅದೇ, ಬಟ್ಟೆ ಒಣಗದಿದ್ದರೂ ಅದೇ. ಸೊಸೆಯೂ ಬಾಯಿ ಇಲ್ಲದವಳಲ್ಲ.

"ರಕ್ತಾನೂ ಉಪ್ಪುಪ್ಪೇ ಅಲ್ವಾ ಅತ್ತೆ? ನಿಮ್ಮ ಕಡೇದು ಎಷ್ಟು ಉಪ್ಪು ಅಂತ ಒಂದ್ಸಲ ಹೇಳಿಬಿಡಿ, ಅಷ್ಟೇ ಹಾಕ್ತೀನಿ."

ಗುಡುಗಮ್ಮ ಮುಖ ತಿರುಗಿಸಿಕೊಂಡು ನಕ್ಕಳು. ನಕ್ಕದ್ದು ಸೊಸೆಗೆ ಕಾಣಬಾರದೆಂದು ಪಟಕ್ಕೆ ಒಂದೆರಡು ಮಾತು ಬೈದಳು.

ಓಣಿಯ ತಲೆಯಲ್ಲಿ ಬೂಟಿನ ಕಾರ್ಖಾನೆ. ಓಣಿಯ ಎಲ್ಲ ಮನೆಗಳ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ಹೊರಗಿನ ಹಜಾರದಲ್ಲಿ ವಯಸ್ಸಾದವರ ಕೆಲಸ. ಗುಡುಗಮ್ಮ ಅಲ್ಲಿ ಗೇಣೆತ್ತರದ ಮಣೆಯ ಮೇಲೆ ಕೂತು, ಬೂಟನ್ನು ಎರಡು ಮಂಡಿಗಳ ನಡುವೆ ಅದುಮಿ ಹಿಡಿದು, ರಂಪಿಗೆಯ ಅಲಗಿನಿಂದ ಅಡಿಯ ಅಟ್ಟೆಯ ಅಂಚು ಕೊರೆಯುತ್ತಿದ್ದಳು. ರಂಪಿಗೆ ಜಾರಿದರೆ ಹೆಬ್ಬೆರಳಿಗೆ. ಅವಳ ಹೆಬ್ಬೆರಳು ಎಷ್ಟು ಸಲ ಸೀಳಿ ಕೂಡಿಕೊಂಡಿತ್ತೆಂದರೆ ಅದರ ಚರ್ಮಕ್ಕೂ ಬೂಟಿನ ಚರ್ಮಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಮಂಡಿಗಳ ಒಳಬದಿ ಕಪ್ಪಗೆ ಜಡ್ಡುಗಟ್ಟಿತ್ತು. ಸಂಜೆ ಎದ್ದು ನಿಲ್ಲುವಾಗ ಸೊಂಟ ಮಣೆಯನ್ನು ಬಿಟ್ಟು ಬರಲು ಒಪ್ಪುತ್ತಿರಲಿಲ್ಲ.

ಒಳಗಿನ ಕೋಣೆಯಲ್ಲಿ ಎಳೆಯರು. ಅದನ್ನು ಒಳಮನೆ ಎನ್ನುತ್ತಿದ್ದರು. ಅಟ್ಟೆಗೂ ಮೇಲ್ಚರ್ಮಕ್ಕೂ ಅಂಟು ಬಳಿದು ಕೂಡಿಸುವ ಕೆಲಸ. ಅಂಟಿಗೆ ಅಲ್ಲಿನವರು ಕರೆಯುವುದು ಸಲ್ಯೂಷನ್ ಎಂದು. ಬೆರಳು ಚುರುಕಿರಬೇಕು, ಕಣ್ಣು ನೆಟ್ಟಗಿರಬೇಕು, ಆದ್ದರಿಂದ ಎಳೆಯರೇ ಬೇಕು. ಧೂಳು ಬಿದ್ದರೆ ಅಂಟು ಕೆಡುತ್ತದೆ, ಗಾಳಿ ಬಂದರೆ ಬೇಗ ಒಣಗುತ್ತದೆ ಎಂದು ಕಾರ್ಖಾನೆಯ ಯಜಮಾನ ಕಿಟಕಿಗಳಿಗೆ ಹಲಗೆ ಹೊಡೆಸಿದ್ದ. ತಲೆ ತಗ್ಗಿಸಿ ಡಬ್ಬದ ಮೇಲೆ ಬಾಗಬೇಕು. ಕುಂಚ ಅದ್ದಬೇಕು, ಬಳಿಯಬೇಕು, ಅಚ್ಚಿಗೆ ತೊಡಿಸಬೇಕು, ಮೈಯ ಭಾರವನ್ನೆಲ್ಲ ಹೆಬ್ಬೆರಳಿಗೆ ಹಾಕಿ ಒತ್ತಬೇಕು. ಮತ್ತೆ ಕುಂಚ ಅದ್ದಬೇಕು.

ಸಲ್ಯೂಷನ್ನಿನ ವಾಸನೆ ಸಿಹಿ. ಮೊದಲ ಗಂಟೆ ತಲೆ ಹಗುರಾಗುತ್ತಿತ್ತು. ಕಾರಣವಿಲ್ಲದೆ ನಗು ಬರುತ್ತಿತ್ತು. ಒಬ್ಬರು ಕುಂಚ ಬೀಳಿಸಿದರೆ ಕೋಣೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಹಜಾರದಲ್ಲಿದ್ದ ಮುದುಕರು ಅದಕ್ಕೆ ನಗೆಮನೆ ಎಂದು ಹೆಸರಿಟ್ಟಿದ್ದರು. ವಯಸ್ಸಲ್ವಾ, ನಗಲಿ ಬಿಡಿ ಎನ್ನುತ್ತಿದ್ದರು. ಸಂಜೆ ಅದೇ ಎಳೆಯರು ಗೋಡೆ ಹಿಡಿದುಕೊಂಡು ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡುತ್ತಿದ್ದರು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಮದುವೆಯಾದ ಮರುತಿಂಗಳೇ ಸೊಸೆ ಒಳಮನೆ ಸೇರಿದಳು. ಎರಡು ವರ್ಷ ಕಳೆಯುವುದರೊಳಗೆ ಕಲೆಗಳು ಬಂದವು. ಮೊದಲು ತೊಡೆಯ ಮೇಲೆ, ಆಮೇಲೆ ತೋಳಿನ ಮೇಲೆ. ಯಾರೂ ಹಿಡಿದೆಳೆದಿರಲಿಲ್ಲ, ಎಲ್ಲೂ ಬಿದ್ದಿರಲಿಲ್ಲ. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಮೆಟ್ಟಿಲು ಹತ್ತಿದರೆ ಎದೆ ಡವಡವ. ಗುಡುಗಮ್ಮ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ನರ್ಸು ಸೊಸೆಯ ತೋಳು ನೋಡಿದಳು. ಅತ್ತೆಯ ತೋಳು ನೋಡಿದಳು. ಆಮೇಲೆ ಅತ್ತೆಗೆ ಹೊರಗೆ ಕೂರಲು ಹೇಳಿ, ಬಾಗಿಲು ಹಾಕಿ, ಸೊಸೆಯನ್ನು ಮೆಲ್ಲಗೆ ವಿಚಾರಿಸಿದಳು: ಮನೆಯಲ್ಲಿ ಹೊಡೀತಾರಾ? ಹೆದರಬೇಡ, ಹೇಳು.

ಗುಡುಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಸ್ವಲ್ಪ ದೂರ ಸರಿದು ಕೂತಳು. ಗುಡುಗಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ನಾನು ಕೈ ಎತ್ತಿಲ್ಲ ಎಂದು ಯಾರಿಗೆ ಹೇಳುವುದು? ಯಾರೂ ಕೇಳಿರಲಿಲ್ಲ.

ದಾರಿಯಲ್ಲಿ ಸೊಸೆ ಅವಳ ಮುಖ ನೋಡಿ ನಗತೊಡಗಿದಳು.

"ನೀವು ಇಷ್ಟು ದಿನ ಬಾಯಲ್ಲಿ ಹೊಡೆದಿದ್ದೆಲ್ಲ ಈಗ ಮೈಮೇಲೆ ಮೂಡ್ತಾ ಇದೆ ನೋಡಿ ಅತ್ತೆ."

"ಸುಮ್ನೆ ನಡಿ."

"ನಡೀತಿದೀನಿ. ಉಸಿರು ಸಾಲ್ತಿಲ್ಲ, ಅದಕ್ಕೆ ಮಾತಾಡ್ತಿದೀನಿ."

ಒಂದು ಮಧ್ಯಾಹ್ನ ಅವಳು ಡಬ್ಬದ ಮೇಲೆಯೇ ಮುಗ್ಗರಿಸಿ ಬಿದ್ದಳು. ಕೂದಲಿಗೆಲ್ಲ ಸಲ್ಯೂಷನ್ ಮೆತ್ತಿಕೊಂಡಿತು. ಗಂಡ ಅವಳನ್ನು ವ್ಯಾನಿನಲ್ಲಿ ಬೂಟಿನ ಪೆಟ್ಟಿಗೆಗಳ ನಡುವೆ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಒಂದಿರುತ್ತದೆ, ಇವಳಲ್ಲಿ ಅದು ಬತ್ತುತ್ತಾ ಬಂದಿದೆ ಎಂದರು. ಬಹಳ ಅಪರೂಪದ ಕಾಯಿಲೆ ಎಂದರು. ಸದ್ಯಕ್ಕೆ ಹೊರಗಿನಿಂದ ರಕ್ತ ಹಾಕುತ್ತಿರಬೇಕು, ಹೊಂದುವವರಿದ್ದರೆ ಕರೆದುಕೊಂಡು ಬನ್ನಿ ಎಂದರು.

ಮೊದಲು ತೋಳು ಚಾಚಿದವಳು ಗುಡುಗಮ್ಮ. ಅವಳ ರಕ್ತ ಹೊಂದಿತು. ಓಣಿಯಿಂದ ಇನ್ನೂ ಕೆಲವರು ಬಂದು ಕೊಟ್ಟುಹೋದರು. ಬಾಟಲಿ ಖಾಲಿಯಾದ ಮೇಲೆ ಸೊಸೆಯ ತುಟಿಗೆ ಸ್ವಲ್ಪ ಬಣ್ಣ ಬಂತು. ಬಣ್ಣದ ಹಿಂದೆಯೇ ಮಾತೂ ಬಂತು. ಅತ್ತೆಯ ರಕ್ತ ಒಳಗೆ ಹೋದಾಗಿನಿಂದ ಎದುರು ಸಿಕ್ಕವರ ಜೊತೆಯೆಲ್ಲ ಜಗಳ ಆಡೋಣ ಅನಿಸುತ್ತಿದೆ, ಇದಕ್ಕೂ ಮಾತ್ರೆ ಇದೆಯೇ ಎಂದು ವಾರ್ಡಿನ ಡಾಕ್ಟರರನ್ನು ಕೇಳಿದಳು.

ಅಪರೂಪದ ಕಾಯಿಲೆ ಓಣಿಗೆ ಹೊಸದಾಗಿರಲಿಲ್ಲ. ಮೇಲ್ಚರ್ಮ ಹೊಲಿಯುವವನ ಮಗ, ಯಾವಾಗಲೂ ಸಿಳ್ಳೆ ಹಾಕುತ್ತಿದ್ದುದರಿಂದ ಸಿಳ್ಳೆ ಎಂದೇ ಹೆಸರಾದವನು, ಹಿಂದಿನ ವರ್ಷ ಹೀಗೇ ಬೆಳ್ಳಗಾಗಿ ಸತ್ತಿದ್ದ. ಇಸ್ತ್ರಿಯವನ ಮಗನಿಗೆ ಮೂಗಿನಿಂದ ಸುರಿಯುವ ರಕ್ತ ನಿಲ್ಲುತ್ತಿರಲಿಲ್ಲ. ಗುಡುಗಮ್ಮ ಒಂದು ಕಾಲಕ್ಕೆ ಸೊಸೆಯೆಂದು ಬಯಸಿದ್ದ ಪಕ್ಕದ ಮನೆಯ ಹುಡುಗಿಗೂ ಕಲೆಗಳು ಎದ್ದಿದ್ದವು. ಈ ಕಾಯಿಲೆ ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು ಎಂದು ಡಾಕ್ಟರು ಹೇಳಿದಾಗ, ಹಾಗಾದರೆ ನಮ್ಮ ಓಣಿಯಲ್ಲಿ ನಾಲ್ಕು ಲಕ್ಷ ಜನ ಇರಬೇಕು, ನಲ್ಲಿಯಲ್ಲಿ ನೀರು ಸಾಲದಿರುವುದಕ್ಕೆ ಕಾರಣ ಈಗ ಗೊತ್ತಾಯಿತು ಎಂದಳು ಸೊಸೆ.

ಡಾಕ್ಟರು ನಗಲಿಲ್ಲ. ಅವರು ಮೇಲಿನವರಿಗೆ ತಿಳಿಸಿದರು. ಮೇಲಿನವರು ಕಾಯಿಲೆಯ ಮೂಲ ಹುಡುಕಲು ಒಂದು ತಂಡ ಕಳಿಸಿದರು.

ತಂಡದ ಮುಖ್ಯಸ್ಥ ನರೆತ ಕೂದಲಿನ ದೊಡ್ಡ ಡಾಕ್ಟರು. ಅವರ ಕೈಕೆಳಗೆ ಒಬ್ಬಳು ಸಣ್ಣ ವಯಸ್ಸಿನ ಡಾಕ್ಟರಮ್ಮ, ಸೂಜಿ ಹಿಡಿಯುವವಳು. ಓಣಿಯ ಶಾಲೆಯಲ್ಲಿ ಬೀಡುಬಿಟ್ಟರು. ಅವರಿಗೆ ಕುರ್ಚಿ, ಫ್ಯಾನು, ಬಿಳಿ ಬಟ್ಟೆ ಹಾಸಿದ ಮೇಜು, ಹೊತ್ತುಹೊತ್ತಿಗೆ ಚಹಾ ಎಲ್ಲ ಕಾರ್ಖಾನೆಯಿಂದ ಬಂತು. ಯಜಮಾನ ತಾನೇ ನಿಂತು ಸಕ್ಕರೆ ಎಷ್ಟು ಎಂದು ವಿಚಾರಿಸಿದ. ಓಣಿಯ ಎಳೆಯರು ಅಂಗಿಯ ತೋಳು ಮಡಚಿಕೊಂಡು ಬಿಸಿಲಲ್ಲಿ ಸಾಲಾಗಿ ನಿಂತರು.

ದೊಡ್ಡ ಡಾಕ್ಟರು ಯಾರನ್ನೂ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ರೆಪ್ಪೆ ಎತ್ತಿ ಕಣ್ಣು ನೋಡಿದರು. ಪೆನ್ನಿನ ತುದಿಯಿಂದಲೇ ತುಟಿ ಸರಿಸಿ ವಸಡು ನೋಡಿದರು. ಪ್ರತಿಯೊಬ್ಬರಿಗೂ ಅವೇ ಪ್ರಶ್ನೆ: ನಿನ್ನ ಅಪ್ಪ ಅಮ್ಮ ಮದುವೆಗೆ ಮುಂಚೆ ಏನಾಗಬೇಕು? ಅಜ್ಜ ಅಜ್ಜಿ? ಮಾವನ ಮಗಳಾ, ಅತ್ತೆಯ ಮಗನಾ? ಎಲ್ಲಿ ಕೆಲಸ ಮಾಡುತ್ತೀ ಎಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ನಿಂತವರ ಬೆರಳುಗಳಿಂದ ಸಲ್ಯೂಷನ್ನಿನ ಸಿಹಿ ವಾಸನೆ ಬರುತ್ತಿತ್ತು. ಡಾಕ್ಟರಮ್ಮ ಒಂದೆರಡು ಸಲ ಮೂಗು ಎತ್ತಿ ಸುತ್ತ ನೋಡಿದ್ದನ್ನು ಗುಡುಗಮ್ಮ ಕಂಡಳು. ದೊಡ್ಡ ಡಾಕ್ಟರು ಚಹಾ ಕುಡಿಯುತ್ತಿದ್ದರು.

ಕೆಲವು ವಾರಗಳಾದ ಮೇಲೆ ಅವರು ಓಣಿಯವರನ್ನು ಸೇರಿಸಿ ತಿಳಿವಳಿಕೆ ಹೇಳಿದರು. ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಒಂದೇ ಓಣಿಯಲ್ಲಿ ಕೊಟ್ಟು ತಂದು ಮಾಡಿಕೊಂಡು ಬಂದಿದ್ದೀರಿ, ರಕ್ತ ಕೆಟ್ಟಿದೆ, ದೋಷ ಹುಟ್ಟಿನಿಂದಲೇ ಇದೆ, ಯಾರನ್ನು ದೂರಿ ಫಲವಿಲ್ಲ. ಯಜಮಾನ ಪಕ್ಕದಲ್ಲಿ ನಿಂತು ತಲೆದೂಗಿದ. ಕಾಯಿಲೆಯವರ ಮನೆಗಳಿಗೆಲ್ಲ ಒಂದೊಂದು ಚೀಲ ಹಣ್ಣು ಕಳಿಸಿದ. ನಿಮ್ಮ ರಕ್ತದ ದೋಷಕ್ಕೆ ನಾನೇನು ಮಾಡಲಿ, ಆದರೂ ಕೈ ಬಿಡೋದಿಲ್ಲ ಎಂದ.

ಮಾತು ಹೊರಗೆ ಹರಡಿತು. ಮೊದಲು ಚರ್ಮ ಮುಟ್ಟುವ ಜನವಾಗಿದ್ದರು, ಈಗ ಕೆಟ್ಟ ರಕ್ತದ ಜನವಾದರು. ಪೇಟೆಯ ಕ್ಷೌರಿಕ ಓಣಿಯ ಗಂಡಸರಿಗೆ ಬೇರೆ ಬ್ಲೇಡು ಇಟ್ಟ. ಪಕ್ಕದ ಮನೆಯ ಹುಡುಗಿಗೆ ಅದೇ ಓಣಿಯಲ್ಲಿ ಗೊತ್ತಾಗಿದ್ದ ಮದುವೆ ಮುರಿಯಿತು. ಒಂದೇ ರಕ್ತ ಸೇರಿದರೆ ಹುಟ್ಟುವ ಮಕ್ಕಳ ಗತಿಯೇನು ಎಂದು ಗಂಡಿನ ಕಡೆಯವರು ಹಿಂದೆ ಸರಿದರು. ಹೊರಗಿನವರು ಮೊದಲೇ ಬರುವಂತಿರಲಿಲ್ಲ. ಗುಡುಗಮ್ಮ ಆ ಹುಡುಗಿಯ ತಾಯಿಯ ಹತ್ತಿರ ಕೂತು ಬಹಳ ಹೊತ್ತು ಯೋಚಿಸಿದಳು. ಅವರು ಕೊಡಲ್ಲ ಅಂತ ನಾವು ನಮ್ಮಲ್ಲೇ ತಂದ್ವಿ, ಈಗ ತಂದದ್ದೇ ತಪ್ಪು ಅಂತಾರೆ, ಹಾಗಾದ್ರೆ ನಾವು ಮರದಿಂದ ಉದುರಬೇಕಿತ್ತಾ ಎಂದಳು. ತಾಯಿ ಅಳುತ್ತಿದ್ದವಳು ಮೂಗು ಒರೆಸಿಕೊಂಡು ನಕ್ಕುಬಿಟ್ಟಳು.

ಸಲ್ಯೂಷನ್ನಿನ ಬಗ್ಗೆ ಓಣಿಯಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲವೆಂದಲ್ಲ. ಸಿಳ್ಳೆಯನ್ನು ಮಣ್ಣು ಮಾಡಿದ ದಿನ ಅವನ ಅಪ್ಪ ಒಂದು ಸಲ ಅಂದಿದ್ದ. ಮರುದಿನ ಯಜಮಾನ ಅವನ ಎರಡನೆಯ ಮಗನಿಗೂ ಕೆಲಸ ಕೊಟ್ಟ. ಅಪ್ಪ ಮತ್ತೆ ಅನ್ನಲಿಲ್ಲ. ಒಲೆ ಉರಿಸುವ ಕೈಯ ಮೇಲೆ ಗುಮಾನಿ ಪಡುವುದು ಸುಲಭವಲ್ಲ. ಗುಡುಗಮ್ಮನೂ ಆ ಯೋಚನೆ ಬಂದಾಗಲೆಲ್ಲ ಪಟಕ್ಕೆ ಬೈದು ಮಲಗಿದವಳೇ.

ತಂಡ ಮತ್ತೆ ಬಂತು. ಇನ್ನಷ್ಟು ರಕ್ತ ಬೇಕಂತೆ, ದೋಷ ಯಾವ ತಲೆಮಾರಿನಿಂದ ಬಂತೆಂದು ನೋಡಬೇಕಂತೆ. ಅದೇ ಮೇಜು, ಅದೇ ಬಿಳಿ ಬಟ್ಟೆ, ಅದೇ ಚಹಾ. ಸೊಸೆ ಆ ದಿನ ಹಟ ಮಾಡಿ ತಲೆ ಬಾಚಿಸಿಕೊಂಡು ಬಂದಿದ್ದಳು. ನಡೆಯಲಾರದವಳನ್ನು ಗಂಡ ತೋಳು ಕೊಟ್ಟು ಕರೆತಂದಿದ್ದ. ಸರದಿ ಬಂದಾಗ ಮಣಿಕಟ್ಟು ಮೇಲೆ ಮಾಡಿ ತೋಳು ಚಾಚಿದಳು. ದೊಡ್ಡ ಡಾಕ್ಟರು ಹಾಳೆ ನೋಡಿ, ಇವಳದು ಬೇಡ ಎಂದರು.

"ಯಾಕೆ ಸಾರ್? ಹೋದ ಸಲದ್ದು ರುಚಿಸಲಿಲ್ವಾ?" ಎಂದಳು ಸೊಸೆ.

ಇವಳು ಹೊರಗಿನವಳು, ಈ ಜನದವಳಲ್ಲ ಎಂದು ದೊಡ್ಡ ಡಾಕ್ಟರು ಡಾಕ್ಟರಮ್ಮನಿಗೆ ಹೇಳಿದರು. ಇವಳನ್ನು ಸೇರಿಸಿಕೊಂಡರೆ ಲೆಕ್ಕ ಕೂಡುವುದಿಲ್ಲ, ಬಿಟ್ಟುಬಿಡಿ. ಸೊಸೆಗೆ ಹೇಳಬೇಕೆಂದು ಅವರಿಗೆ ಅನಿಸಲಿಲ್ಲ. ಸೊಸೆ ಚಾಚಿದ ತೋಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಮೆಲ್ಲಗೆ ಹಿಂದೆಳೆದುಕೊಂಡಳು. ಸದಾ ಏನಾದರೊಂದು ಅನ್ನುವವಳು ಏನೂ ಅನ್ನಲಿಲ್ಲ.

ಅದು ಗುಡುಗಮ್ಮನಿಗೆ ತಡೆಯಲಾಗಲಿಲ್ಲ. ಸೊಸೆಯನ್ನು ಸುಮ್ಮನಾಗಿಸುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ತನಗೆ. ತನಗೇ ಎರಡು ವರ್ಷದಿಂದ ಅದು ಸಾಧ್ಯವಾಗಿರಲಿಲ್ಲ. ಅವಳು ಸಾಲಿನಿಂದ ಆಚೆ ಹೋದಳು. ಅಳಲು ಹೋದಳೆಂದುಕೊಂಡರು. ಅವಳು ನೇರ ಕಾರ್ಖಾನೆಗೆ ಹೋಗಿ, ಒಳಮನೆಯ ಬಾಗಿಲು ತಳ್ಳಿ, ಅರ್ಧ ತುಂಬಿದ ಸಲ್ಯೂಷನ್ ಡಬ್ಬವನ್ನು ಹಿಡಿ ಹಿಡಿದು ಎತ್ತಿಕೊಂಡು ಬಂದಳು. ಬಿಳಿ ಬಟ್ಟೆಯ ಮೇಲೆ ಚಹಾದ ಲೋಟಗಳ ನಡುವೆ ಕುಕ್ಕಿದಳು. ಮುಚ್ಚಳ ತೆಗೆದಳು.

"ಇದರ ರಕ್ತ ತೆಗೀರಿ ಮೊದಲು."

ಯಜಮಾನ ಕುರ್ಚಿಯಿಂದ ಎದ್ದ. ನನ್ನ ಸಾಮಾನು ಕದ್ದು ತಂದಿದ್ದಾಳೆ, ಕಳ್ಳಿ ಎಂದ.

"ಕಳ್ಳಿ ಅನ್ನಿ ಸ್ವಾಮಿ, ಬೇಡ ಅನ್ನಲ್ಲ. ಕದ್ದಿದ್ದು ಏನು ಅಂತ ಅವರಿಗೆ ಹೇಳಿ. ಇದರೊಳಗೆ ಏನಿದೆ?"

"ಏನಿರುತ್ತೆ? ಬರೀ ಅಂಟು."

"ಬರೀ ಅಂಟಾದ್ರೆ ನೀವು ಹೋಗಿ ಒಳಮನೇಲಿ ಕೂತ್ಕೊಳ್ಳಿ. ಬಾಗಿಲು ನಾನು ಹಾಕ್ತೀನಿ. ಚಹಾನೂ ಅಲ್ಲಿಗೇ ಕಳಿಸ್ತೀನಿ, ಸಕ್ಕರೆ ಎಷ್ಟು ಹೇಳಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡ ಡಾಕ್ಟರು ಅಷ್ಟರಲ್ಲಿ ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದರು. ಆ ಡಬ್ಬ ಮುಚ್ಚಿ, ತಲೆ ಸುತ್ತುತ್ತಿದೆ ಎಂದರು. ಗುಡುಗಮ್ಮ ಅವರ ಕಡೆ ತಿರುಗಿದಳು. ಗಂಟಲು ತಗ್ಗಿತ್ತು. ಅವಳು ತಗ್ಗಿದ ಗಂಟಲಲ್ಲಿ ಮಾತಾಡಿದ್ದನ್ನು ಓಣಿಯವರು ಅಂದೇ ಕೇಳಿದ್ದು.

"ಇಷ್ಟು ಗಾಳಿ ಆಡೋ ಜಾಗದಲ್ಲಿ, ಫ್ಯಾನಿನ ಕೆಳಗೆ ನಿಮಗೆ ತಲೆ ಸುತ್ತುತ್ತೆ. ನಮ್ಮ ಹುಡುಗರು ಹಲಗೆ ಹೊಡೆದ ಕಿಟಕಿ ಒಳಗೆ ದಿನವಿಡೀ ಕೂರ್ತಾರೆ. ಇವಳು ನಮ್ಮ ರಕ್ತ ಅಲ್ಲ ಸಾರ್. ನಾನೇ ದಿನಾ ಹೇಳ್ತಿದ್ದೆ, ಓಣಿಗೆಲ್ಲ ಗೊತ್ತು. ಎಲ್ಲಿಂದಲೋ ಬಂದವಳು. ನಮ್ಮ ಅಜ್ಜನೂ ಇವಳ ಅಜ್ಜನೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಇವಳಿಗೂ ನಮ್ಮ ಹುಡುಗರಿಗೂ ಕೂಡಿ ಬಂದಿರೋದು ಒಂದೇ, ಆ ಕೋಣೆ. ಅದಕ್ಕೇ ಇವಳನ್ನ ಬಿಡ್ತಿದ್ದೀರಾ?"

ಒಬ್ಬರಿಂದ ಏನೂ ನಿರ್ಧಾರವಾಗುವುದಿಲ್ಲ, ಇದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಎಂದರು ದೊಡ್ಡ ಡಾಕ್ಟರು. ಗಲಾಟೆ ನಿಲ್ಲಿಸಿ ಸರದಿಯಲ್ಲಿ ಬನ್ನಿ, ಸಹಕರಿಸದಿದ್ದರೆ ಮುಂದೆ ಔಷಧಿಗೂ ತೊಂದರೆಯಾದೀತು ಎಂದರು.

ಮುಂದಿನ ಸರದಿ ಪಕ್ಕದ ಮನೆಯ ಹುಡುಗಿಯದು. ಅವಳು ಮೇಜಿನ ಹತ್ತಿರ ಬಂದಳು. ಡಬ್ಬ ನೋಡಿದಳು. ಮೇಲೆ ಮಡಚಿದ್ದ ತೋಳಿನ ಬಟ್ಟೆಯನ್ನು ಬಿಚ್ಚಿ ಮಣಿಕಟ್ಟಿನವರೆಗೆ ಎಳೆದುಕೊಂಡಳು. ಗುಂಡಿ ಹಾಕಿಕೊಂಡಳು.

"ನಾನು ಕೊಡಲ್ಲ," ಎಂದಳು. "ಡಬ್ಬದ ಸರದಿ ಮೊದಲು."

ಅವಳ ಹಿಂದಿದ್ದ ಇಸ್ತ್ರಿಯವನ ಮಗ ತೋಳು ಇಳಿಸಿದ. ಅವನ ಹಿಂದಿದ್ದವರು ಇಳಿಸಿದರು. ಸಿಳ್ಳೆಯ ತಮ್ಮ ಯಜಮಾನನ ಮುಖ ನೋಡುತ್ತಲೇ ಇಳಿಸಿದ. ಬಟ್ಟೆ ಸರಿಯುವ ಸದ್ದಷ್ಟೇ. ಮೂಲೆಯಲ್ಲಿ ಕೂತಿದ್ದ ಮುದುಕರು, ರಕ್ತ ಕೊಡಲು ಕರೆಯದವರು, ತಾವೂ ತೋಳು ಇಳಿಸಿಕೊಂಡರು. ಆ ಮಧ್ಯಾಹ್ನ ಅಷ್ಟು ಬಿಸಿಲಿನಲ್ಲಿ ಓಣಿಯೆಲ್ಲ ಉದ್ದ ತೋಳು ಹಾಕಿಕೊಂಡು ನಿಂತಿತ್ತು.

ಡಾಕ್ಟರಮ್ಮನ ಕೈಯಲ್ಲಿ ಖಾಲಿ ಸೀಸೆ ಇತ್ತು. ಅವಳು ಅದನ್ನು ನೋಡಿದಳು, ದೊಡ್ಡ ಡಾಕ್ಟರನ್ನು ನೋಡಲಿಲ್ಲ. ಬಾಗಿ ಡಬ್ಬದಿಂದ ಒಂದಿಷ್ಟು ಸಲ್ಯೂಷನ್ ಸೀಸೆಗೆ ತುಂಬಿ ಬಿರಡೆ ಹಾಕಿದಳು. ಯಾರ ಅಪ್ಪಣೆಯಿಂದ ಎಂದು ದೊಡ್ಡ ಡಾಕ್ಟರು ಗದರಿದರು. ಸರದಿಯಲ್ಲಿ ಬೇರೆ ಯಾರೂ ಇಲ್ಲವಲ್ಲ ಸರ್ ಎಂದಳು ಅವಳು. ಗುಡುಗಮ್ಮನಿಗೆ ಆ ಡಾಕ್ಟರಮ್ಮ ಅಂದಿನಿಂದ ಇಷ್ಟವಾದಳು.

ಸಂಜೆಯೇ ಗುಡುಗಮ್ಮನ ಕೆಲಸ ಹೋಯಿತು. ಮಣೆ ಮಾತ್ರ ಅವಳದು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಮರುದಿನ ಒಳಮನೆಗೆ ಒಬ್ಬರೂ ಹೋಗಲಿಲ್ಲ. ಯಜಮಾನ ಮೊದಲು ಹೆದರಿಸಿದ, ಆಮೇಲೆ ಹಣ್ಣು ಕಳಿಸಿದ. ಹಣ್ಣು ಓಣಿಯ ಬಾಯಲ್ಲಿ ನಿಂತು ಹಾಗೇ ವಾಪಸ್ಸು ಹೋಯಿತು. ಹೊಟ್ಟೆಗೆ ಕಷ್ಟವಾಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಗುಡುಗಮ್ಮ ಪೇಟೆಯ ತಿರುವಿನಲ್ಲಿ ಮಣೆ ಹಾಕಿಕೊಂಡು ಹರಿದ ಮೆಟ್ಟು ಹೊಲಿಯಲು ಕೂತಳು. ಕೆಟ್ಟ ರಕ್ತದವಳೆಂದು ಗಿರಾಕಿಗಳು ಮೆಟ್ಟನ್ನು ದೂರದಿಂದ ಎಸೆಯುತ್ತಿದ್ದರು. ಅವಳೂ ಹೊಲಿದು ಅಷ್ಟೇ ದೂರದಿಂದ ಎಸೆಯುತ್ತಿದ್ದಳು. ಗುರಿ ಚೆನ್ನಾಗಿತ್ತು, ಒಂದೆರಡು ಸಲ ಎದೆಗೆ ಬಿತ್ತು.

ಡಾಕ್ಟರಮ್ಮ ಒಂದು ರಜೆಯ ದಿನ ಒಬ್ಬಳೇ ಬಂದು ಗುಡುಗಮ್ಮನ ಮನೆಯ ಹೊಸ್ತಿಲ ಮೇಲೆ ಕೂತಳು. ಸಲ್ಯೂಷನ್ ತೆಳ್ಳಗಾಗಲು ಬೆರೆಸುವ ಎಣ್ಣೆಯಂಥದ್ದೊಂದಿದೆ, ಅಗ್ಗದ್ದು, ಅದು ಉಸಿರಿನ ಜೊತೆ ಒಳಗೆ ಹೋಗಿ ಮೂಳೆಯ ರಕ್ತವನ್ನು ಬತ್ತಿಸುತ್ತದೆ ಎಂದು ಬಿಡಿಸಿ ಹೇಳಿದಳು. ಅದಿಲ್ಲದ ಅಂಟೂ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ವರದಿಯಲ್ಲಿ ಇದೆಲ್ಲ ಬರೆದಿರಾ ಎಂದು ಸೊಸೆ ಕೇಳಿದಳು. ಬರೆದೆ, ದೊಡ್ಡ ಡಾಕ್ಟರು ಇನ್ನೂ ಪರಿಶೀಲಿಸಬೇಕು ಎಂದು ಇಟ್ಟುಕೊಂಡಿದ್ದಾರೆ, ನನ್ನನ್ನು ಬೇರೆ ಕಡೆಗೆ ಹಾಕಿದ್ದಾರೆ ಎಂದಳು. ವರದಿಯ ಒಂದು ಪ್ರತಿಯನ್ನು ಇಸ್ತ್ರಿಯವನ ಮಗನ ಕೈಗೆ ಕೊಟ್ಟು, ಕಾರ್ಮಿಕರ ಕೋರ್ಟಿನ ದಾರಿ ಹೇಳಿ ಹೋದಳು. ಗುಡುಗಮ್ಮ ಅವಳನ್ನು ಊಟ ಮಾಡಿಸದೆ ಬಿಡಲಿಲ್ಲ. ಉಪ್ಪು ಜಾಸ್ತಿಯಾಗಿತ್ತು. ಸೊಸೆ ಮಾಡಿರಲಿಲ್ಲ, ಗುಡುಗಮ್ಮನೇ ಮಾಡಿದ್ದಳು.

ಸರಕಾರದವರು ಒಂದು ದಿನ ಕಾರ್ಖಾನೆ ನೋಡಲು ಬಂದರು. ಆ ದಿನ ಕಿಟಕಿಗೆ ಹಲಗೆ ಇರಲಿಲ್ಲ. ಅವರು ಹೋದ ಮೇಲೆ ಯಜಮಾನ ಮತ್ತೆ ಹೊಡೆಸಿದ. ಮೊಳೆ ಹೊಡೆಯುವ ಸದ್ದು ಓಣಿಗೆಲ್ಲ ಕೇಳಿತು.

ಆಮೇಲೆ ಯಜಮಾನ ಗುಡುಗಮ್ಮನ ಮಗನನ್ನು ಕರೆಸಿದ. ನಿನ್ನ ಹೆಂಡತಿಯ ಊರಿನ ಕಡೆ ಕೆಲಸ ಇಲ್ಲದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ, ವ್ಯಾನು ತುಂಬ ಕರೆದುಕೊಂಡು ಬಾ, ಒಳಮನೆ ಖಾಲಿ ಬಿದ್ದಿದೆ ಎಂದ. ಮಗ ಜೇಬಿಗೆ ಕೈ ಹಾಕಿ ವ್ಯಾನಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ.

"ಆಗಲ್ಲ," ಎಂದ.

ಆ ವರ್ಷ ಅವನು ಮಾಡಿದ ಅತಿ ದೊಡ್ಡ ಭಾಷಣ ಅದೇ. ಗುಡುಗಮ್ಮ ಅದನ್ನು ಓಣಿಯಲ್ಲಿ ಒಂದು ವಾರ ಹೇಳಿಕೊಂಡು ತಿರುಗಿದಳು. ಹೇಳಿದಾಗಲೆಲ್ಲ ಭಾಷಣ ಉದ್ದವಾಗುತ್ತಿತ್ತು.

ಯಜಮಾನ ಬೇರೆ ಚಾಲಕನನ್ನು ಹಿಡಿದ. ಎಳೆಯರು ಬರುವ ಸುದ್ದಿ ಓಣಿಗೆ ಮೊದಲೇ ಬಂತು. ಆ ಬೆಳಿಗ್ಗೆ ಸೊಸೆ ತನಗೊಂದು ಕುರ್ಚಿ ಬೇಕೆಂದಳು. ಎಲ್ಲಿಗೆ ಎಂದು ಗುಡುಗಮ್ಮ ಕೇಳಿದಳು. ಕಾರ್ಖಾನೆಯ ಬಾಗಿಲಿಗೆ ಎಂದಳು. ನಿಲ್ಲಲು ಆಗುವುದಿಲ್ಲ, ಗಾಳಿಗೆ ಮೈ ಒಡ್ಡಬಾರದೆಂದು ಆಸ್ಪತ್ರೆಯವರು ಹೇಳಿದ್ದಾರೆ, ಜ್ವರ ಬಂದರೆ ಇಳಿಯುವುದಿಲ್ಲ ಎಂದು ಗುಡುಗಮ್ಮ ಗುಡುಗಿದಳು. ಸೊಸೆ ಪೂರ್ತಿ ಕೇಳಿಸಿಕೊಂಡಳು.

"ನನ್ನ ಊರಿನ ಕಡೆಯವರು ಅತ್ತೆ. ನನ್ನ ಮಾತಿನ ರಾಗ ಅವರಿಗೆ ಗೊತ್ತಾಗುತ್ತೆ. ನಿಮ್ಮದು ಕೇಳಿದ್ರೆ ಹೆದರಿ ನೇರ ಒಳಗೇ ಓಡಿಬಿಡ್ತಾರೆ."

ಕುರ್ಚಿಯನ್ನು ಗಂಡ ಹೊತ್ತ. ಕಂಬಳಿಯನ್ನು ಅತ್ತೆ ಹೊತ್ತಳು. ಕಾರ್ಖಾನೆಯ ಮೆಟ್ಟಿಲ ಪಕ್ಕ, ಬೀದಿಗೆ ಸೇರಿದ ನೆಲದಲ್ಲಿ ಕೂರಿಸಿದರು. ಯಜಮಾನ ಹೊರಗೆ ಬಂದು ಏಳು ಎಂದ. ಕಾಯಿಲೆಯವಳನ್ನು ಇಲ್ಲಿ ತಂದು ಹಾಕಿದ್ದೀರಲ್ಲ, ನಾಚಿಕೆಯಿಲ್ಲವೇ ಎಂದ. ಅವನ ಕೈ ಸೊಸೆಯ ತೋಳಿನ ಹತ್ತಿರ ಬಂದಿತ್ತು. ಮುಟ್ಟಿ ಸ್ವಾಮಿ, ಬೆರಳಿಟ್ಟಲ್ಲೆಲ್ಲ ನೀಲಿಯಾಗುತ್ತದೆ, ಆಮೇಲೆ ನರ್ಸಮ್ಮ ನಿಮ್ಮನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆ ಎಂದಳು ಗುಡುಗಮ್ಮ. ಅವನು ಕೈ ಹಿಂದೆಗೆದು ಒಳಗೆ ಹೋದ.

ವ್ಯಾನು ಬಂತು. ಇಳಿದವರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಹುಡುಗಿಯರ ಚೀಲಗಳು ಅವರಿಗಿಂತ ದೊಡ್ಡವಿದ್ದವು. ಪ್ರಯಾಣದಿಂದ ಕಣ್ಣು ಕೆಂಪಾಗಿತ್ತು. ಅವರು ಒಬ್ಬರ ಹಿಂದೊಬ್ಬರು ಮೆಟ್ಟಿಲ ಕಡೆ ಬಂದಾಗ ಸೊಸೆ ಕಂಬಳಿ ಸರಿಸಿ, ಎರಡೂ ತೋಳಿನ ಬಟ್ಟೆ ಮಡಚಿ ಮೊಣಕೈಯ ಮೇಲಕ್ಕೆ ಏರಿಸಿದಳು. ಹಳದಿ, ನೇರಳೆ, ಕಪ್ಪು.

ಎಲ್ಲರಿಗಿಂತ ಮುಂದಿದ್ದ ಹುಡುಗಿ ನಿಂತಳು. ತೋಳು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಗುಡುಗಮ್ಮನ ಕೈಗಳನ್ನು ನೋಡಿದಳು.

"ಯಾರು ಹೊಡೆದಿದ್ದು ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು.

ಸೊಸೆ ತನ್ನ ಊರಿನ ರಾಗದಲ್ಲಿ ಹೇಳಿದಳು. ಬಾಗಿಲ ಕಡೆ ಕೈ ತೋರಿಸಿ, ಕೋಣೆಯ ಬಗ್ಗೆ, ಹಲಗೆ ಹೊಡೆದ ಕಿಟಕಿಯ ಬಗ್ಗೆ, ಸಿಹಿ ವಾಸನೆ ಮತ್ತು ನಗುವಿನ ಬಗ್ಗೆ ಹೇಳಿದಳು. ನಡುನಡುವೆ ಉಸಿರಿಗಾಗಿ ನಿಂತಳು. ಒಳಗಿನಿಂದ ಯಜಮಾನ, ಹೊತ್ತಾಯಿತು, ಬೇಗ ಬನ್ನಿ ಎಂದು ಕೂಗಿದ. ಮತ್ತೊಮ್ಮೆ ಕೂಗಿದ.

ಹುಡುಗಿ ಚೀಲವನ್ನು ಕುರ್ಚಿಯ ಪಕ್ಕ ಇಳಿಸಿದಳು. ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತಳು. ಅವಳ ಹಿಂದೆ ಇನ್ನೊಬ್ಬಳು ಚೀಲ ಇಳಿಸಿದಳು. ಮೆಟ್ಟಿಲು ಚಿಕ್ಕದು, ಎಲ್ಲರಿಗೂ ಸಾಲುವಂತಿರಲಿಲ್ಲ. ಗುಡುಗಮ್ಮ ಗೊಣಗುತ್ತಾ, ಸೊಂಟ ಹಿಡಿದುಕೊಂಡು, ಸ್ವಲ್ಪ ಆಚೆ ಸರಿದು ಜಾಗ ಮಾಡಿಕೊಟ್ಟಳು.